ಮನೆಯ ಪ್ರಯೋಗಕ್ಕೆ ಅಗ್ಗದ ನೇರಳಾತೀತ ದೀಪ ಯಾವುದು?

ಪ್ರಶ್ನೆ (ನವನಗರ, ಬಾಗಲಕೋಟೆ)
ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತೇನೆ. ಅರಿಸಿನ, ಪಾಲಕ್ ಸೊಪ್ಪಿನ ರಸ ಮತ್ತು ಟಾನಿಕ್ ವಾಟರ್ (ಕ್ವಿನೈನ್ ಬೆರೆತ ಕಹಿ ಪಾನೀಯ) ನೇರಳಾತೀತ ಬೆಳಕಿನಲ್ಲಿ ಹೊಳೆಯುವುದನ್ನು ಮೊದಲು ಮನೆಯಲ್ಲಿ ಮಾಡಿ ನೋಡಿ, ಆಮೇಲೆ ಮಕ್ಕಳಿಗೆ ತೋರಿಸಬೇಕೆಂದಿದ್ದೇನೆ. ಸಾಧ್ಯವಾದರೆ ಸಯನೋಟೈಪ್ (ರಾಸಾಯನಿಕ ಲೇಪಿಸಿದ ಕಾಗದದ ಮೇಲೆ ಬೆಳಕಿನಿಂದ ನೀಲಿ ಚಿತ್ರ ಮೂಡಿಸುವ) ಮುದ್ರಣವನ್ನೂ ಮಾಡಿಸಬೇಕು. ಪ್ರಯೋಗಾಲಯದ ದೀಪ ಕೊಳ್ಳುವಷ್ಟು ಹಣವಿಲ್ಲ. ನೋಟು ಪರೀಕ್ಷಿಸುವ ಟಾರ್ಚ್ ಸಾಕೇ, ಅಥವಾ ಹಳೆಯ ನೀರಿನ ಫಿಲ್ಟರಿನ ಯು.ವಿ. ಟ್ಯೂಬನ್ನು ಬಿಚ್ಚಿ ಬಳಸಬಹುದೇ?

ಉತ್ತರ (ಬೆಳಗಾವಿ)
ಗುರುಗಳೇ, ಫಿಲ್ಟರಿನ ಟ್ಯೂಬಿಗೆ ದಯವಿಟ್ಟು ಕೈ ಹಾಕಬೇಡಿ. ಅದು ರೋಗಾಣುಗಳನ್ನು ಕೊಲ್ಲುವ 254 ನ್ಯಾನೋಮೀಟರ್ ತರಂಗಾಂತರದ ಕಿರಣವನ್ನು ಸೂಸುತ್ತದೆ; ಅದನ್ನು ಉಕ್ಕಿನ ಕೊಳವೆಯೊಳಗೆ ಮುಚ್ಚಿಟ್ಟಿರುವುದು ಸುಮ್ಮನೆ ಅಲ್ಲ. ಬಿಚ್ಚಿ ಉರಿಸಿದರೆ, ವೆಲ್ಡಿಂಗ್ ನೋಡಿದವರಿಗೆ ಆಗುವಂತೆ, ಕೆಲವು ಗಂಟೆಗಳ ಬಳಿಕ ಕಣ್ಣಿನಲ್ಲಿ ಮರಳು ತುಂಬಿದಂಥ ಉರಿ ಏಳುತ್ತದೆ. ಒಳಗೆ ಪಾದರಸವೂ ಇರುತ್ತದೆ. ಅಲ್ಲದೆ ನಿಮ್ಮ ಪ್ರಯೋಗಗಳಿಗೆ ಆ ಕಿರಣ ಬೇಕಾಗಿಯೇ ಇಲ್ಲ.

ಅಂಗಡಿಯಲ್ಲಿ ಸಿಗುವ ಅಗ್ಗದ ಟಾರ್ಚುಗಳು ಹೆಚ್ಚಾಗಿ 395 ನ್ಯಾನೋಮೀಟರಿನವು. ಅರಿಸಿನಕ್ಕೂ ಸೊಪ್ಪಿಗೂ ಅಷ್ಟು ಸಾಕು, ಏಕೆಂದರೆ ಅರಿಸಿನದ ಹಳದಿ ಬಣ್ಣವಾದ ಕರ್ಕ್ಯುಮಿನ್ ಮತ್ತು ಸೊಪ್ಪಿನ ಹಸಿರು ಬಣ್ಣವಾದ ಪತ್ರಹರಿತ್ತು ನೇರಳೆ ಬೆಳಕನ್ನೇ ಚೆನ್ನಾಗಿ ಹೀರುತ್ತವೆ. ಆದರೆ ಎರಡನ್ನೂ ನೀರಿನಲ್ಲಲ್ಲ, ಸ್ಪಿರಿಟ್‌ನಲ್ಲಿ ನೆನೆಸಿ ಸೋಸಬೇಕು. ಆಗ ಅರಿಸಿನ ಹಸಿರು ಮಿಶ್ರಿತ ಹಳದಿಯಾಗಿಯೂ, ಹಸಿರು ಸೊಪ್ಪಿನ ರಸ ರಕ್ತದಂತೆ ಕೆಂಪಾಗಿಯೂ ಹೊಳೆಯುತ್ತದೆ. ಟಾನಿಕ್ ವಾಟರಿನ ಕ್ವಿನೈನಿಗೆ ಮಾತ್ರ 365ರ ಟಾರ್ಚ್ ಕೊಳ್ಳುವುದು ಲೇಸು. ಬಿಳಿ ಗೋಡೆಯ ಮೇಲೆ ಢಾಳಾದ ನೇರಳೆ ಬಿದ್ದರೆ ಅದು 395 ಎಂದೇ ತಿಳಿಯಿರಿ. ಮುಂದೆ ಕಪ್ಪು ಗಾಜಿನ ಫಿಲ್ಟರ್ ಇರುವ 365ರ ಟಾರ್ಚಿನ ಬೆಳಕು ಕಣ್ಣಿಗೆ ಬಹಳ ಮಂಕಾಗಿ ಕಾಣುತ್ತದೆ. ಹೊಳೆಯುತ್ತಿರುವ ಲೋಟಕ್ಕೆ ಒಂದು ಚಮಚ ಉಪ್ಪು ಕದಡಿ ನೋಡಿ: ಕ್ಲೋರೈಡಿನಿಂದಾಗಿ ನೀಲಿ ಹೊಳಪು ಕುಗ್ಗುತ್ತದೆ. ಮಕ್ಕಳಿಗೆ ಹೊಳಪಿಗಿಂತ ಇದೇ ಹೆಚ್ಚು ಹಿಡಿಸಬಹುದು.

ಉತ್ತರ (ವಿಜಯಪುರ)
ಸಯನೋಟೈಪಿಗೆ ನಮ್ಮ ಭಾಗದಲ್ಲಿ ದೀಪವೇಕೆ? 1842ರಲ್ಲಿ ಜಾನ್ ಹರ್ಷೆಲ್ ಈ ವಿಧಾನವನ್ನು ಕಂಡುಹಿಡಿದಾಗಲೂ ಸೂರ್ಯನೇ ದೀಪ. ಲೇಪಿಸಿದ ಕಾಗದದ ಮೇಲೆ ಬೇವಿನ ಎಲೆಯಿಟ್ಟು, ಸಾದಾ ಗಾಜು ಮುಚ್ಚಿ, ಬಯಲಾದ ಭಾಗ ಬೂದುಗಂದಾಗುವವರೆಗೆ ಬಿಸಿಲಿನಲ್ಲಿಟ್ಟು, ಆಮೇಲೆ ನೀರಿನಲ್ಲಿ ತೊಳೆಯಿರಿ. ಬೋರ್‌ವೆಲ್ ನೀರು ಕ್ಷಾರೀಯವಾಗಿದ್ದರೆ ನೀಲಿ ಮಾಸುತ್ತದೆ. ಮೊದಲ ತೊಳೆತಕ್ಕೆ ಸ್ವಲ್ಪ ನಿಂಬೆರಸ ಸೇರಿಸಿರಿ. ಕಾಗದದ ಲೇಪನಕ್ಕೆ ಬಳಸುವ ಫೆರಿಸಯನೈಡಿಗೆ ಪ್ರಬಲ ಆಮ್ಲವನ್ನು ಎಂದಿಗೂ ಬೆರೆಸಬಾರದು, ಅದನ್ನು ಕಾಯಿಸಲೂ ಬಾರದು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. 365ರ ಟಾರ್ಚಿಗೆ ಕನ್ನಡಕ ಬೇಕೇ?

ಉತ್ತರ (ಬೆಳಗಾವಿ)
ಬೇಕು. ಪಾಲಿಕಾರ್ಬೊನೇಟ್ ಸುರಕ್ಷಾ ಕನ್ನಡಕ ಸಾಕಾಗುತ್ತದೆ. ಕೊಂಡ ಮೇಲೆ ಅದರ ಗಾಜಿನ ಮೂಲಕವೇ ಟಾನಿಕ್ ವಾಟರಿನ ಮೇಲೆ ಟಾರ್ಚ್ ಬಿಡಿ. ನೀಲಿ ಹೊಳಪು ಉಳಿದರೆ ಆ ಕನ್ನಡಕವನ್ನು ಅಂಗಡಿಗೆ ಹಿಂದಿರುಗಿಸಿ.