ದೊಡ್ಡಪ್ಪನ ಪ್ಲಾನು, ಅಮ್ಮನ ತಕರಾರು

ಅಕ್ಕ ಪುಣೆಯಿಂದ ದೀಪಾವಳಿಗೆ ಬರುತ್ತಾಳೆ ಅಂತ ಗೊತ್ತಾಗಿದ್ದೇ ತಡ, ದೊಡ್ಡಪ್ಪ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪ್ಲಾನ್ ಬರೆದು ನಮ್ಮ ಮನೆಮಂದಿ ಗುಂಪಿಗೆ ಫೋಟೊ ಹಾಕಿದರು. ಆಮೇಲೆ ನಡೆದ ಮಾತುಕತೆ ಇದು. ಮಧ್ಯೆ ಬಂದ ಶುಭೋದಯದ ಹೂಗಳನ್ನು ಮಾತ್ರ ತೆಗೆದಿದ್ದೇನೆ.

ದೊಡ್ಡಪ್ಪ: ನೀರು ತುಂಬುವ ಹಬ್ಬದ ದಿನ ಸಕ್ರೆಬೈಲು ಆನೆ ಬಿಡಾರ. ಅಮಾವಾಸ್ಯೆ ದಿನ ಜೋಗ, ಸಿಗಂದೂರು. ಪಾಡ್ಯದ ದಿನ ಕವಲೇದುರ್ಗ, ಸಂಜೆ ಆಗುಂಬೆ ಸೂರ್ಯಾಸ್ತ. ಕಾರು ನನ್ನದು. ಯಾರೂ ತಡ ಮಾಡಬಾರದು.

ಚಿಕ್ಕಪ್ಪ: ಸೂಪರ್ ಅಣ್ಣ.

ಅಮ್ಮ: ಭಾವ, ಪಾಡ್ಯಕ್ಕೆ ಗೋಪೂಜೆ ಇದೆ. ಕೊಟ್ಟಿಗೆ ಬಿಟ್ಟು ಕೋಟೆ ಹತ್ತುವುದಾ?

ದೊಡ್ಡಪ್ಪ: ಪೂಜೆ ಬೇಗ ಮುಗಿಸಿದರಾಯಿತು.

ಅಮ್ಮ: ‘ಮುಗಿಸಿದರಾಯಿತು’ ಅನ್ನುವವರು ಒಂದು ಸಲ ಕೊಟ್ಟಿಗೆಗೆ ಬಂದು ನೋಡಿ. ದನಗಳ ಮೈ ತೊಳೆಯಬೇಕು. ಕೆಮ್ಮಣ್ಣು ಕಲಸಿ ಹಚ್ಚಬೇಕು. ಅದು ಆರಿದ ಮೇಲೆ ಲೋಟದ ಬಾಯಿಯನ್ನು ಸುಣ್ಣದಲ್ಲಿ ಅದ್ದಿ ಬಳೆ ಬಳೆಯಾಗಿ ಮುದ್ರೆ ಒತ್ತಬೇಕು. ಗೌರಿ ಒಂದು ಕಡೆ ನಿಲ್ಲುವ ಪೈಕಿಯಾ? ಅರ್ಧ ಮುದ್ರೆ ನಮ್ಮ ಸೀರೆ ಮೇಲೇ ಬೀಳುತ್ತದೆ. ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಸರ ಹಿಂದಿನ ರಾತ್ರಿಯೇ ಕಟ್ಟಿಡಬೇಕು. ಮಗಳು ಜೋಗ ಸುತ್ತಿ ಸುಸ್ತಾಗಿ ಬಂದು ಮಲಗಿದರೆ ಸರ ನೀವು ಕಟ್ಟುತ್ತೀರಾ?

(ದೊಡ್ಡಪ್ಪ ಓದಿದರು. ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ.)

ಅಪ್ಪ: ಅಣ್ಣ, ಜೋಗದಲ್ಲಿ ಈಗ ಎಂತ ನೋಡುವುದು? ಮಳೆಗಾಲ ಕಳೆದ ಮೇಲೆ ನೀರೆಲ್ಲ ಲಿಂಗನಮಕ್ಕಿ ಡ್ಯಾಮಿನಲ್ಲಿ ನಿಲ್ಲುತ್ತದೆ. 253 ಮೀಟರ್ ಬಂಡೆ ನೋಡಿಕೊಂಡು ಬರಬೇಕು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ದಾರದ ಎಳೆ ಹಾಗೆ ಇರುತ್ತವೆ. ಸಿಗಂದೂರಿಗೂ ಈಗ ಹಿನ್ನೀರು ದಾಟಿಸುವ ಲಾಂಚ್ ಇಲ್ಲ. ಲಾಂಚ್ ಇಲ್ಲದ ಸಿಗಂದೂರು ಸಪ್ಪೆ.

ಸಾಗರದ ಅತ್ತೆ: ಅಣ್ಣ, ಲಾಂಚ್ ನಿಮಗೆ ಮಜಾ. ವರ್ಷಕ್ಕೊಂದು ಸಲ ಬಂದು ಕಡಲೆಕಾಯಿ ತಿಂದು, ಫೋಟೊ ಹೊಡೆದು ಹೋಗುವವರು ನೀವು. ಹಿನ್ನೀರಿನ ಆಚೆಯ ತುಮರಿ ಕಡೆಯವರನ್ನು ಕೇಳಿ. ಡ್ಯಾಂ ಆದಾಗಿನಿಂದ ಅವರ ಸಂತೆ, ಶಾಲೆ, ಆಸ್ಪತ್ರೆ ಎಲ್ಲ ಲಾಂಚ್ ಟೈಮಿಗೇ ಕಟ್ಟುಬಿದ್ದಿತ್ತು. ರಾತ್ರಿ ಹೆರಿಗೆ ನೋವು ಬಂದರೆ ಎಂತ ಮಾಡಬೇಕಿತ್ತು? 2025ರ ಜುಲೈಯಲ್ಲಿ ಸೇತುವೆ ಆಯಿತಲ್ಲ, 2.44 ಕಿಲೋಮೀಟರ್ ಉದ್ದ. ಅವರ ಮಟ್ಟಿಗೆ ಅದೇ ದೊಡ್ಡ ಹಬ್ಬ. ಹುಡುಗಿ ಅದನ್ನು ನೋಡಲಿ ಬಿಡಿ.

ಅಪ್ಪ: ಸೇತುವೆ ಬೇಡ ಅಂದೆನಾ? ಲಾಂಚ್ ಚೆನ್ನಾಗಿತ್ತು ಅಂದೆ.

ಚಿಕ್ಕಪ್ಪ: ಎಲ್ಲರೂ ಸುಮ್ನೆ ಇರಿ. ಪಾಪ, ಅಲ್ಲಿ ದುಡಿದು ದಣಿದು ಬರುತ್ತಾಳೆ. ಸುತ್ತಾಟವೂ ಬೇಡ, ಕೆಲಸವೂ ಬೇಡ. ತಿಂದು ಮಲಗಲಿ.

ಸಾಗರದ ಅತ್ತೆ: ಮಲಗಲು ಬಿಡುವವರು ಯಾರು? ಹಬ್ಬದ ಮನೆಯಲ್ಲಿ ಹುಡುಗಿ ಜಗಲಿಯಲ್ಲಿ ಕೂತರೆ ಬಂದವರೆಲ್ಲ ‘ಮದುವೆ ಯಾವಾಗ, ಸಂಬಳ ಎಷ್ಟು’ ಅಂತ ಶುರು ಮಾಡುತ್ತಾರೆ. ಅದಕ್ಕಿಂತ ಹೊರಗೆ ಕರೆದುಕೊಂಡು ಹೋಗುವುದೇ ವಾಸಿ.

ಅಮ್ಮ: ಅದು ನಿಜ. ಆದರೆ ಪಾಡ್ಯದ ದಿನ ಮಾತ್ರ ಎಲ್ಲಿಗೂ ಇಲ್ಲ. ಕವಲೇದುರ್ಗದ ದಾರಿಯಲ್ಲಿ ರಕ್ತ ಹೀರುವ ಉಂಬಳವೂ ಇನ್ನೂ ಹೋಗಿರುವುದಿಲ್ಲ.

ದೊಡ್ಡಪ್ಪ: ಕೆಳದಿ ನಾಯಕರ ಕೋಟೆ. ನಮ್ಮ ತಾಲ್ಲೂಕಿನಲ್ಲೇ ಇದೆ, ಮಕ್ಕಳು ನೋಡಿಲ್ಲ. ಉಂಬಳಕ್ಕೆ ಹೆದರಿ ಮನೆಯಲ್ಲಿ ಕೂರುವವರು ಮಲೆನಾಡಿನವರಾ?

ನಾನು: ಎಲ್ಲರೂ ಹೇಳಿದಿರಿ. ಅಕ್ಕನೂ ಇದೇ ಗುಂಪಿನಲ್ಲಿದ್ದಾಳೆ. ಅವಳನ್ನು ಒಬ್ಬರೂ ಕೇಳಲಿಲ್ಲ.

ಚಿಕ್ಕಪ್ಪ: ಇದೊಂದು ದೊಡ್ಡ ಮನುಷ್ಯ.

ಅಕ್ಕ: ಮೀಟಿಂಗ್ ಇತ್ತು, ಈಗ ನೋಡಿದೆ. ದೊಡ್ಡಪ್ಪ, ಪ್ಲಾನ್ ಹಾಕಿದ್ದು ಖುಷಿ ಆಯಿತು. ಆದರೆ ನಾನು ನೆಂಟರ ಹಾಗೆ ಬರುತ್ತಿಲ್ಲ. ಹೋದ ಸಲ ಅಡುಗೆಮನೆಗೆ ಹೋದರೆ ಅಮ್ಮ ‘ನೀನು ಕೂತ್ಕೋ’ ಅಂದರು. ಕೊಟ್ಟಿಗೆಗೆ ಹೋದರೆ ಅಪ್ಪ ‘ಬಟ್ಟೆ ಹಾಳಾಗುತ್ತದೆ’ ಅಂದರು. ಜಗಲಿಯ ಕಥೆ ಅತ್ತೆ ಹೇಳಿದ್ದಾರೆ. ಈ ಸಲ ಹಂಡೆ ತೊಳೆದು ಹಿಂಡಲಕಾಯಿ ಬಳ್ಳಿ ಸುತ್ತುವುದು ನಾನು. ಸರ ಕಟ್ಟುವುದೂ ನಾನೇ. ಗೌರಿ ಒದ್ದರೆ ಒದೆಯಲಿ. ರಾತ್ರಿ ದೀಪ ಹಿಡಿದು ಮನೆ ಮನೆಗೆ ಹಾಡುತ್ತಾ ಬರುವ ಅಂಟಿಗೆ ಪಂಟಿಗೆಯವರು ಬಂದಾಗ ನನ್ನನ್ನು ಎಬ್ಬಿಸಬೇಕು. ‘ಮಲಗಿದ್ದಳು, ಪಾಪ’ ಅಂತ ಬೆಳಿಗ್ಗೆ ಹೇಳಿದರೆ ನಾನು ಕೇಳುವುದಿಲ್ಲ. ಅವರ ದೀಪಕ್ಕೆ ನಾನೇ ಎಣ್ಣೆ ಹಾಕಬೇಕು.

ಅಮ್ಮ: ಎಬ್ಬಿಸಿದರೆ ಏಳುತ್ತೀಯಾ? ಚಿಕ್ಕವಳಿದ್ದಾಗ ಬಾಗಿಲಲ್ಲಿ ಹಾಡು ಮುಗಿದು ಅವರು ಪಕ್ಕದ ಮನೆ ಸೇರಿದರೂ ನಿನಗೆ ಎಚ್ಚರ ಇರುತ್ತಿರಲಿಲ್ಲ.

ಅಕ್ಕ: ಕಂಬಳಿ ಎಳೆಯಿರಿ. ದೊಡ್ಡಪ್ಪ, ಆನೆಗೆ ಬೇರೆ ದಿನ ಬೇಡ. ನನ್ನ ಬಸ್ಸು ಬೆಳಿಗ್ಗೆಯೇ ಶಿವಮೊಗ್ಗಕ್ಕೆ ಬರುತ್ತದೆ. ನೀವು ಅಲ್ಲಿಗೆ ಬಂದರೆ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲೇ ಸಕ್ರೆಬೈಲು. ಸ್ನಾನ ಮುಗಿಸಿ ಆನೆ ಕಾಡಿಗೆ ಹೋಗುವುದರೊಳಗೆ ನೋಡಿಕೊಂಡು ಮನೆಗೆ ಬರೋಣ. ಜೋಗಕ್ಕೆ ಮಳೆಗಾಲದಲ್ಲಿ ರಜೆ ಹಾಕಿ ಬರುತ್ತೇನೆ. ಸಿಗಂದೂರು ಪಾಡ್ಯದ ಮಾರನೇ ದಿನ.

ದೊಡ್ಡಪ್ಪ: ಕವಲೇದುರ್ಗ?

ಅಕ್ಕ: ಸಂಕ್ರಾಂತಿಗೆ. ನೀವು ಮೊದಲು ಹತ್ತಬೇಕು.

ದೊಡ್ಡಪ್ಪ: ನನ್ನ ಮಂಡಿ ನೋವು ಗೊತ್ತಿದ್ದೇ ಹೇಳುತ್ತಿದ್ದೀಯ.

ಚಿಕ್ಕಪ್ಪ: ಮತ್ತೆ ಪ್ಲಾನ್ ಹಾಕಿದ್ದು ಯಾರಿಗೆ ಅಣ್ಣ?

ಸಾಗರದ ಅತ್ತೆ: ಸಿಗಂದೂರಿನಿಂದ ಬರುವಾಗ ಊಟ ನಮ್ಮನೆಯಲ್ಲಿ. ಚೀನಿಕಾಯಿ ಕಡುಬು ಮಾಡುತ್ತೇನೆ. ಎಷ್ಟು ಜನ ಅಂತ ಹಿಂದಿನ ದಿನವೇ ಹೇಳಿ, ಅಕ್ಕಿ ನೆನೆಸಬೇಕು. ಅತ್ತಿಗೆ, ಬಾಳೆ ಎಲೆ ನಿಮ್ಮ ತೋಟದಿಂದ ತನ್ನಿ. ನಮ್ಮದನ್ನೆಲ್ಲ ಮಂಗ ಹರಿದು ಹಾಕಿದೆ.