ಸಹಾಯ ಬೇಕು: ಇಳಿಜಾರಿನಲ್ಲಿ ಕತ್ತೆಯ ಹೇರು ಮುಂದಕ್ಕೆ ಜಾರುತ್ತಿದೆ

ತಾಳವಾಡಿ ಕಡೆಯ ಬೆಟ್ಟದ ದಾರಿಯಿಂದ ಬಾಟಲಿ, ಪ್ಲಾಸ್ಟಿಕ್ ಕಸವನ್ನು ಕತ್ತೆಗಳ ಮೇಲೆ ಇಳಿಸುತ್ತಿದ್ದೇವೆ. ಹೇರು ಹೊರುವ ಪ್ರಾಣಿಗಳಿಗೆ ಹಿಂಸೆ ತಡೆಯುವ 1965ರ ನಿಯಮದಲ್ಲಿ ಕತ್ತೆಗೆ 50 ಕಿಲೋ ಮಿತಿ. ಕಡಿದಾದ ಇಳಿಜಾರಿಗೆ ಅದೂ ಜಾಸ್ತಿಯೇ, ಹಾಗಾಗಿ ಎರಡೂ ಮಗ್ಗುಲಿಗೆ ತೂಗಿ 15-15 ಕಿಲೋ ಮಾತ್ರ. ಆದರೂ ಇಳಿಯುವಾಗ ತಡಿ (ಹೇರಿನಡಿ ಬೆನ್ನಿಗೆ ಹಾಕುವ ಮೆತ್ತೆ) ಹೆಗಲ ಮೇಲೆ ಬಂದು ಕೂರುತ್ತೆ, ಉಜ್ಜಿ ಉಜ್ಜಿ ಕೂದಲು ಹೋಗುತ್ತಿದೆ. ಅಂಥ ಕತ್ತೆಗಳನ್ನು ಸದ್ಯ ಹೇರಿಗೆ ಬಿಟ್ಟಿಲ್ಲ.

ಹೊಟ್ಟೆಪಟ್ಟಿ ಬಿಗಿದರೆ ಮುಂಗಾಲಿನ ಸಂದಿಯಲ್ಲಿ ಗಾಯ. ಇನ್ನೊಂದು ಪದರ ಗೋಣಿ ಹಾಕಿದರೆ ತಡಿ ಎತ್ತರವಾಗಿ ಇನ್ನೂ ಓಲಾಡುತ್ತೆ. ಬಾಲದಡಿ ಹಗ್ಗ ಬೇಡವೇ ಬೇಡ, ಅಲ್ಲಿನ ಚರ್ಮ ತುಂಬ ಮೆದು. ಉಳಿದಿರುವುದು ತೊಡೆಯ ಹಿಂದೆ ಅಗಲವಾದ ಪಟ್ಟಿ. ಅದು ಕೆಳಗಿಳಿದರೆ ಹೆಜ್ಜೆಗೆ ಅಡ್ಡ, ಮೇಲಿದ್ದರೆ ಬಾಲದಡಿಗೆ ಸರಿಯುತ್ತೆ.

ಕತ್ತೆ ಸಾಕಿ ಅನುಭವ ಇರುವವರು ದಯವಿಟ್ಟು ಹೇಳಿ: ಈ ಪಟ್ಟಿ ಬಾಲದ ಬುಡದಿಂದ ಎಷ್ಟು ಕೆಳಗಿರಬೇಕು, ಸಮತಟ್ಟು ನೆಲದಲ್ಲಿ ಎಷ್ಟು ಬೆರಳು ಸಡಿಲ ಬಿಡಬೇಕು?