ಖಾರದ ಊಟಕ್ಕ ಯಾವ ದ್ರಾಕ್ಷಿ ರೆಡ್ ವೈನ್ ಹೊಂದತೈತಿ? ಕ್ಯಾಬರ್ನೆ, ಶಿರಾಜ್, ಮೆರ್ಲೊ ಫರಕು ತಿಳಿಸ್ರಿ

ಉಣಕಲ್ ದಂಡಿ, ಹುಬ್ಬಳ್ಳಿ:

ಅಂಗಡ್ಯಾಗ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್, ಮೆರ್ಲೊ ಅಂತ ದ್ರಾಕ್ಷಿ ಹೆಸರು ಬರದ ಬಾಟ್ಲಿ ಸಾಲಾಗಿ ಅದಾವ. ರೂಢಿ ಇರೋದು ಸಿಹಿ ಪೋರ್ಟ್ ವೈನ್. ಡ್ರೈ, ಅಂದ್ರ ಸಿಹಿ ಇಲ್ಲದ ರೆಡ್ ಕುಡದ್ರ ಬಾಯಿ ಒಗರ ಒಗರು ಆಕೈತಿ. ಮನ್ಯಾಗ ಊಟ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ರವಿವಾರ ಸಾವಜಿ ಮಟನ್. ಹೆಸರು ನೋಡಿ ರುಚಿ ಅಂದಾಜು ಮಾಡೋದು ಹೆಂಗ? ‘ರಿಸರ್ವ್’ ಅಂತ ಇದ್ದದ್ದಕ್ಕ ಹೆಚ್ಚಿನ ರೊಕ್ಕ ಕೊಡಬೇಕೋ ಬ್ಯಾಡೋ?

ಸಾಧನಕೇರಿ ಓದುಗ, ಧಾರವಾಡ:

ಸಿಪ್ಪೆಯಿಂದ ಶುರು ಮಾಡಿದರೆ ಎಲ್ಲ ಬಿಡಿಸಿಕೊಳ್ಳುತ್ತದೆ. ಕೆಲವೇ ತಳಿ ಬಿಟ್ಟರೆ ಕರಿ ದ್ರಾಕ್ಷಿಯ ರಸಕ್ಕೆ ಬಣ್ಣವೇ ಇಲ್ಲ. ರಸವನ್ನು ಸಿಪ್ಪೆ, ಬೀಜದ ಜೊತೆಗೇ ಹುದುಗಲು ಬಿಟ್ಟಾಗ ಕೆಂಪು ಬಣ್ಣವೂ ಟ್ಯಾನಿನ್ನೂ ಇಳಿಯುತ್ತವೆ. ಟ್ಯಾನಿನ್ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ನಾಲಿಗೆ, ಒಸಡು ಒಣಗುತ್ತವೆ. ನೇರಳೆ ಹಣ್ಣು ತಿಂದ ಮೇಲೆ ಬಾಯಿ ಹಿಡಿದಂತಾಗುವ ಹಾಗೆ. ನೀವು ಹೇಳುವ ಒಗರು ಇದೇ, ಅದು ವೈನ್ ಕೆಟ್ಟಿರುವ ಗುರುತಲ್ಲ.

ಕ್ಯಾಬರ್ನೆ ಸೊವಿನ್ಯೋನ್‌ದು ಸಣ್ಣ ಕಾಯಿ, ದಪ್ಪ ಸಿಪ್ಪೆ. ರಸ ಕಡಿಮೆ, ಸಿಪ್ಪೆ-ಬೀಜ ಹೆಚ್ಚು, ಹಾಗಾಗಿ ಒಗರೂ ಹೆಚ್ಚು. ಸರಿಯಾಗಿ ಹಣ್ಣಾಗದೆ ಕೊಯ್ದರೆ ಪೈರಜೀನ್ ಎಂಬ ಅಂಶದಿಂದ ದೊಣ್ಣೆಮೆಣಸಿನಕಾಯಿ ವಾಸನೆ ಹೊಡೆಯುತ್ತದೆ. ಈ ತಳಿ ಕ್ಯಾಬರ್ನೆ ಫ್ರಾಂಕ್ ಮತ್ತು ಬಿಳಿ ದ್ರಾಕ್ಷಿ ಸೊವಿನ್ಯೋನ್ ಬ್ಲಾಂಕ್‌ಗಳ ಸಂತಾನ ಎಂದು 1997ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಆ ಹಸಿರು ವಾಸನೆ ತಂದೆ-ತಾಯಿ ಇಬ್ಬರಲ್ಲೂ ಇದೆ.

ಮೆರ್ಲೊ ಕಾಯಿ ದೊಡ್ಡದು, ಸಿಪ್ಪೆ ತೆಳು, ಬೇಗ ಹಣ್ಣಾಗುತ್ತದೆ. ಪ್ಲಮ್ ಹಣ್ಣಿನ ರುಚಿ, ಮೆತ್ತಗಿನ ಒಗರು. ಪೋರ್ಟ್‌ನಿಂದ ಡ್ರೈ ಕಡೆಗೆ ಬರುವವರು ಇಲ್ಲಿಂದಲೇ ಹೊರಡಬೇಕು. ಬಹಳ ಮಂದಿ ಹೆಸರು ಕೇಳಿದ್ದೇವೆಂದು ಮೊದಲೇ ಕ್ಯಾಬರ್ನೆ ಕೊಂಡು, ಡ್ರೈ ವೈನೇ ನಮಗಲ್ಲ ಅಂತ ಕೈಬಿಡುತ್ತಾರೆ.

ಶಿರಾಜ್ ಮತ್ತು ಸಿರಾ ಒಂದೇ ದ್ರಾಕ್ಷಿ. ಫ್ರಾನ್ಸಿನ ಹೆಸರು ಸಿರಾ, ಆಸ್ಟ್ರೇಲಿಯಾದ್ದು ಶಿರಾಜ್. ಗಾಢ ಬಣ್ಣ, ಕರಿಮೆಣಸಿನ ಪರಿಮಳ. ಈ ಪರಿಮಳಕ್ಕೆ ಕಾರಣ ರೊಟಂಡೋನ್, ಕರಿಮೆಣಸಿನಲ್ಲಿರುವುದೂ ಅದೇ ಅಂಶ. ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಇದನ್ನು ಗುರುತಿಸಿದರು. ತಂಪು ಸೀಮೆಯಲ್ಲಿ ಬೆಳೆದರೆ ಮೆಣಸು ಮುಂದೆ, ಬಿಸಿಲು ಸೀಮೆಯಲ್ಲಿ ಬೆಳೆದರೆ ಜಾಮ್‌ನಂಥ ಹಣ್ಣಿನ ರುಚಿ ಮುಂದೆ.

ಪಿನೋ ನ್ವಾರ್ ಸಿಪ್ಪೆ ಬಹಳ ತೆಳು. ತಿಳಿ ಕೆಂಪು, ಒಗರು ಕಡಿಮೆ, ಹುಳಿ ಹೆಚ್ಚು. ನಮ್ಮ ಬಿಸಿಲಿಗೆ ಒಗ್ಗದ ತಳಿ. ಜಿನ್‌ಫಂಡೆಲ್ ಗೊಂಚಲಿನಲ್ಲಿ ಹಸಿ ಕಾಯಿ, ಒಣದ್ರಾಕ್ಷಿಯಾದ ಕಾಯಿ ಒಟ್ಟಿಗೇ ಇರುತ್ತವೆ. ಅದಕ್ಕೇ ಸಕ್ಕರೆ ಏರಿ ಆಲ್ಕೋಹಾಲೂ ಏರುತ್ತದೆ.

ಬೆಂಗಳೂರು ಬ್ಲೂ ಎಂಬ ದ್ರಾಕ್ಷಿ ಬೇರೆಯೇ ಕುಲ. ಅಮೆರಿಕದ ಲಬ್ರುಸ್ಕಾ ಜಾತಿಯ ರಕ್ತ ಅದರಲ್ಲಿದೆ. ಆ ಘಾಟು ದ್ರಾಕ್ಷಿ ವಾಸನೆ ಸಿಹಿ ವೈನ್‌ಗೆ ಹೊಂದುತ್ತದೆ, ಡ್ರೈ ಮಾಡಿದರೆ ಎದ್ದು ಕಾಡುತ್ತದೆ.

ಗದಗ ಬಯಲುಸೀಮಿ:

ಮ್ಯಾಲಿನವರು ದ್ರಾಕ್ಷಿ ಕಡಿಂದ ಹೇಳ್ಯಾರ, ನಾನು ತಾಟಿನ ಕಡಿಂದ ಹೇಳ್ತೀನಿ. ಖಾರಕ್ಕೂ ಆಲ್ಕೋಹಾಲಿಗೂ ಆಗಿಬರೂದಿಲ್ಲ. ಮೆಣಸಿನಕಾಯಿ ಉರಿಯನ್ನ ಆಲ್ಕೋಹಾಲ್ ಹೆಚ್ಚು ಮಾಡ್ತೈತಿ, ಅದರ ಮ್ಯಾಲೆ ಟ್ಯಾನಿನ್ ಬಾಯಿ ಒಣಗಿಸತೈತಿ. ಸಾವಜಿ ಮಟನ್ ಜೋಡಿ 14.5% ಕ್ಯಾಬರ್ನೆ ಕುಡದ್ರ ಮಟನ್ ರುಚಿನೂ ಹೋತು, ವೈನ್ ರುಚಿನೂ ಹೋತು. ಲೇಬಲ್ ಮ್ಯಾಲೆ 12.5ರಿಂದ 13.5% ಇರೋ ಮೆರ್ಲೊ ತಗೊಂಡು ಸ್ವಲ್ಪ ತಂಪು ಮಾಡಿ ಕುಡೀರಿ. ಮಸಾಲಿ ಒಳಗ ಬ್ಯಾಡಗಿ ಮೆಣಸಿನಕಾಯಿನೇ ಜಾಸ್ತಿ ಇದ್ರ ಶಿರಾಜ್ ನಡೀತೈತಿ, ಯಾಕಂದ್ರ ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಮ್ಮಿ. ಹುರದ ಒಣಕೊಬ್ರಿ, ಲವಂಗ, ಮೆಣಸು ಇವೆಲ್ಲಾ ಶಿರಾಜ್‌ಗೆ ಭಾಳ ಛಲೋ ಹೊಂದತಾವ. ಮಟನ್ನಿನ ಕೊಬ್ಬು, ಪ್ರೋಟೀನ್, ಉಪ್ಪು ಮೂರೂ ಒಗರನ್ನ ಇಳಸ್ತಾವ.

ಎಣ್ಣಿಗಾಯಿ ಲೆಕ್ಕ ಬ್ಯಾರೆ. ಅದರೊಳಗ ಹುಣಸಿಹುಳಿನೂ ಐತಿ, ಬೆಲ್ಲಾನೂ ಐತಿ. ಊಟದ ಹುಳಿಗಿಂತ ವೈನ್ ಹುಳಿ ಕಮ್ಮಿ ಇದ್ರ ವೈನ್ ಸಪ್ಪಗ ಆಕೈತಿ. ಹಂಗಾಗಿ ಹುಳಿ ಹೆಚ್ಚಿರೋ ಸಾಂಜೊವೇಸೆ ನೋಡ್ರಿ, ಇಟಲಿಯ ಕಿಯಾಂಟಿ ವೈನ್ ಮಾಡೂದು ಮುಖ್ಯವಾಗಿ ಇದರಿಂದನ. ಶೇಂಗಾ, ಎಳ್ಳಿನ ಎಣ್ಣಿ ಜಿಡ್ಡನ್ನೂ ಆ ಹುಳಿ ಕತ್ತರಿಸತೈತಿ. ಧಾರವಾಡ ಫೇಡೆ, ಹೋಳಿಗಿ ಜೋಡಿ ಮಾತ್ರ ಡ್ರೈ ರೆಡ್ ಬ್ಯಾಡ್ರಿ, ಸಿಹಿ ಪಕ್ಕ ಅದು ಬರೇ ಹುಳಿ-ಕಹಿ ಹತ್ತತೈತಿ. ಅಲ್ಲಿ ನಿಮ್ಮ ಪೋರ್ಟೇ ಸರಿ.

ಫರಕು ತಿಳಕೋಬೇಕಂದ್ರ ಒಂದೇ ಕಂಪನಿಯ, ಒಂದೇ ವರ್ಷದ ಮೆರ್ಲೊ ಮತ್ತು ಕ್ಯಾಬರ್ನೆ ತರ್ರಿ, 375 ಮಿಲಿ ಸಿಕ್ರ ಇನ್ನೂ ಛಲೋ. ಒಂದೇ ಆಕಾರದ ಎರಡು ಗ್ಲಾಸಿಗೆ 60-60 ಮಿಲಿ ಹಾಕ್ರಿ. ಮೊದಲು ಬರೇ ವೈನ್, ಆಮೇಲೆ ಒಂದು ತುತ್ತು ರೊಟ್ಟಿ-ಮಟನ್ ತಿಂದು ಮತ್ತೊಮ್ಮೆ. ಯಾವ ಗ್ಲಾಸಿನ ರುಚಿ ಬದಲಾತು, ಹೆಂಗ ಬದಲಾತು ಅಂತ ಬಾಯೇ ಹೇಳ್ತೈತಿ.

ರಾಣೆಬೆನ್ನೂರು 24:

ಲೇಬಲ್ ಬಗ್ಗೆ. ಭಾರತದ ಬಾಟಲಿಯ ಮೇಲೆ ‘ರಿಸರ್ವ್’ ಎಂದಿದ್ದರೆ ಅದು ತಯಾರಕರ ಮಾತು, ಬಹಳ ಸಲ ಓಕ್ ಪೀಪಾಯಿಯಲ್ಲಿ ಇಟ್ಟಿರುತ್ತಾರೆ ಅಷ್ಟೆ. ಸ್ಪೇನಿನ ಕೆಂಪು ವೈನ್ ಮೇಲೆ ‘ರಿಸರ್ವಾ’ ಎಂದಿದ್ದರೆ ಮಾತ್ರ ಕಾನೂನಿದೆ: ಕನಿಷ್ಠ 3 ವರ್ಷ ಮಾಗಿರಬೇಕು, ಅದರಲ್ಲಿ 1 ವರ್ಷ ಓಕ್‌ನಲ್ಲಿ. ಯುರೋಪಿನ ಬಾಟಲಿ ಒಂದೇ ದ್ರಾಕ್ಷಿಯ ಹೆಸರು ಹಾಕಿದರೆ 85% ಅದೇ ಇರಬೇಕು, ಅಮೆರಿಕದಲ್ಲಿ 75% ಸಾಕು. ಫ್ರಾನ್ಸ್, ಇಟಲಿಯವರು ಅನೇಕ ಸಲ ಊರಿನ ಹೆಸರನ್ನಷ್ಟೇ ಹಾಕುತ್ತಾರೆ. ಬರ್ಗಂಡಿ ಕೆಂಪು ಅಂದರೆ ಪಿನೋ ನ್ವಾರ್, ಬರೋಲೊ ಅಂದರೆ ನೆಬಿಯೋಲೊ, ಬೋರ್ಡೊ ಅಂದರೆ ಹೆಚ್ಚಾಗಿ ಮೆರ್ಲೊ-ಕ್ಯಾಬರ್ನೆ ಮಿಶ್ರಣ.

ಮಿಶ್ರಣವೆಂದರೆ ಕಡಿಮೆ ದರ್ಜೆ ಅಂತ ತಿಳಿಯಬೇಡಿ. ನಂದಿ ಬೆಟ್ಟದ ಗ್ರೋವರ್ ಜಂಪಾದ ಲಾ ರಿಸರ್ವ್ ಕೆಂಪು ಕ್ಯಾಬರ್ನೆ-ಶಿರಾಜ್ ಮಿಶ್ರಣ, ಮಹಾರಾಷ್ಟ್ರದ ಅಕ್ಲೂಜ್ ಕಡೆಯ ಫ್ರಾಟೆಲ್ಲಿ ಕಂಪನಿಯ ಸೆಟ್ಟೆ ಎಂಬ ವೈನ್ ಸಾಂಜೊವೇಸೆ-ಕ್ಯಾಬರ್ನೆ. ಗದಗಿನಿಂದ ಪೂರ್ವಕ್ಕೆ ಹೋದರೆ ಹಂಪಿ ಬೆಟ್ಟಸಾಲಿನಲ್ಲೇ ಕೃಷ್ಮಾ ತೋಟವಿದೆ. ಅಲ್ಲಿ ಕ್ಯಾಬರ್ನೆ, ಸಿರಾ, ಸಾಂಜೊವೇಸೆ ಮೂರೂ ಬೆಳೆಯುತ್ತಾರೆ. ನಮ್ಮ ಕಲ್ಲುಮಣ್ಣಿನ ಬಿಸಿಲಲ್ಲಿ ಈ ದರ್ಜೆಯ ವೈನ್ ಆಗುತ್ತದೆ ಎನ್ನುವುದು ಹೆಮ್ಮೆಯ ವಿಷಯ.

ತಳಿಗಿಂತ ಮೊದಲು ಅಂಗಡಿ ನೋಡಿ. ಏಪ್ರಿಲ್-ಮೇನಲ್ಲಿ ಎಸಿ ಇಲ್ಲದ ಅಂಗಡಿಯ ಮೇಲಿನ ಸಾಲಿನಲ್ಲಿ ನಿಂತ ಬಾಟಲಿ ಕಾದು ಹೋಗಿರುತ್ತದೆ. ಕಾರ್ಕ್ ಬಾಯಿಯಿಂದ ಮೇಲೆ ಉಬ್ಬಿದ್ದರೆ, ಕತ್ತಿನ ಹತ್ತಿರ ವೈನ್ ಜಿನುಗಿದ ಅಂಟು ಕಂಡರೆ ಬೇಡ. ಬೆಂದ ವೈನ್‌ನಲ್ಲಿ ತಾಜಾ ಹಣ್ಣಿನ ಬದಲು ಕುದಿಸಿದ ಹಣ್ಣಿನ ವಾಸನೆ, ಬಣ್ಣದ ಅಂಚು ಕಂದು. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಬಿಸಿಲಿನ ತಪ್ಪಲ್ಲ, ಕಾರ್ಕ್‌ನದು. ದಿನಬಳಕೆಯ ದೇಶಿ ರೆಡ್‌ಗೆ ಸ್ಕ್ರೂ ಮುಚ್ಚಳವೇ ಒಳ್ಳೆಯದು, ಬಾಟಲಿ ಮೇಲಿನ ವರ್ಷ ಮೂರ್ನಾಲ್ಕು ವರ್ಷದೊಳಗಿನದಿರಲಿ.

ಉಣಕಲ್ ದಂಡಿ, ಹುಬ್ಬಳ್ಳಿ:

ಭಾಳ ಉಪಕಾರ ಆತ್ರಿ. ‘ರೆಡ್ ವೈನ್ ರೂಮ್ ಟೆಂಪರೇಚರ್’ ಅಂತಾರಲ್ಲ, ತಂಪು ಮಾಡೋದು ಎಷ್ಟು? ತಗದ ಮ್ಯಾಲೆ ಎಷ್ಟು ದಿನ ಇರ್ತೈತಿ?

ರಾಣೆಬೆನ್ನೂರು 24:

ಆ ಮಾತು ಯುರೋಪಿನ ತಣ್ಣನೆಯ ಕೋಣೆಗೆ. ಕ್ಯಾಬರ್ನೆ, ಶಿರಾಜ್‌ಗೆ 16ರಿಂದ 18 ಡಿಗ್ರಿ, ಮೆರ್ಲೊಗೆ 15-16, ಪಿನೋಗೆ 13-14. ಬೇಸಿಗೆಯಲ್ಲಿ 30 ಡಿಗ್ರಿ ದಾಟಿದ ಬಾಟಲಿಗೆ ಫ್ರಿಜ್‌ನಲ್ಲಿ ಒಂದೂವರೆ-ಎರಡು ಗಂಟೆ ಬೇಕು. ಅವಸರವಿದ್ದರೆ ಬಕೆಟ್‌ಗೆ ಐಸ್ ಜೊತೆ ನೀರನ್ನೂ ಹಾಕಿ ಕತ್ತಿನವರೆಗೆ ಮುಳುಗಿಸಿ, ಹತ್ತು ಹನ್ನೆರಡು ನಿಮಿಷ ಸಾಕು. ಬರೀ ಐಸ್ ಹಾಕಿದರೆ ನಡುವೆ ಗಾಳಿ ಉಳಿದು ತಡವಾಗುತ್ತದೆ. ಅತಿ ತಂಪಾದರೆ ಒಗರು ಮತ್ತೆ ಎದ್ದು ಕಾಣುತ್ತದೆ, ಬಿಸಿ ಇದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ.

ತೆಗೆದ ಬಾಟಲಿಗೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿ ನಿಲ್ಲಿಸಿಡಿ. ಕ್ಯಾಬರ್ನೆ, ಶಿರಾಜ್ ಮೂರ್ನಾಲ್ಕು ದಿನ, ಪಿನೋ ಎರಡು ದಿನ. ಅರ್ಧ ಉಳಿಯುವುದು ಮೊದಲೇ ಗೊತ್ತಿದ್ದರೆ ತೆಗೆದ ಕೂಡಲೇ ಸಣ್ಣ ಗಾಜಿನ ಬಾಟಲಿಗೆ ಅಂಚಿನವರೆಗೆ ತುಂಬಿ ಮುಚ್ಚಿಬಿಡಿ, ಗಾಳಿಗೆ ಜಾಗವಿರುವುದಿಲ್ಲ.